ಹನ್ನೆರಡು ಉಗುರು

ಸಂಜೆ ಹೊತ್ತು ಉಗುರು ತೆಗೆಯಬಾರದು
ಎಂದು ಕೈಮೇಲೆ ಹೊಡೆಯುತ್ತಿದ್ದಳು ಸೋದರತ್ತೆ.
ಲೋಸ್ಟಾಫ್ಟಿನಲ್ಲಿ ಡಿಸೆಂಬರು ಬಂತೆಂದರೆ
ಮೂರೂಮುಕ್ಕಾಲಿಗೇ ಸಂಜೆ.
ಆಮೇಲೂ ಬಾಕಿ ಇರುತ್ತವೆ ನನಗೆ ನಾಲ್ಕು ಜೋಡಿ ಪಾದ.

ಪಾದದ ವೈದ್ಯೆ ನಾನು.
ವಯಸ್ಸಾದವರ ಮನೆಗೆ ಹೋಗಿ, ಮಂಡಿಯೂರಿ,
ಹಳದಿಗಟ್ಟಿ ಸುತ್ತಿಕೊಂಡ ಹೆಬ್ಬೆರಳಿನ ಉಗುರನ್ನು
ಇಕ್ಕಳದಲ್ಲಿ ಚೂರುಚೂರೇ ಕತ್ತರಿಸುವವಳು.
ಆ ಕಾಯಿಲೆಗೆ ನಮ್ಮ ಪಠ್ಯದಲ್ಲೂ
ಟಗರಿನ ಕೊಂಬು ಎಂದೇ ಹೆಸರು.

ವಿಲ್ಫ್ರೆಡ್ ಗ್ಯಾರಡ್, ಎಂಬತ್ತು.
ಮ್ಯೂಸಿಯಮ್ಮಿನಲ್ಲಿ ಕಾವಲಿಗಿದ್ದವನು.
"ನಿನ್ನ ಕಾಗದದ ಮೇಲೆ ಬಿದ್ದಿರುವುದು,
ನಮ್ಮ ಖಡ್ಗಮೃಗದ ಮೂಗಿನ ಮೇಲಿದ್ದದ್ದು,
ಎರಡೂ ಒಂದೇ ಸಾಮಾನು, ಗೊತ್ತಾ?"
ಗೊತ್ತು ಎಂದೆ. ಕೆರಾಟಿನ್.
ಮೂಳೆಯಲ್ಲ, ದಂತವಲ್ಲ,
ಚರ್ಮವೇ ಹಟ ಹಿಡಿದು ಬೆಳೆದದ್ದು.

ಹೆಸರಿಗೆ ಕಪ್ಪು ಖಡ್ಗಮೃಗ.
ಕಪ್ಪೇನಲ್ಲ, ಹೊರಳಾಡಿದ ಕೆಸರಿನ ಬಣ್ಣವೇ ಅದರ ಬಣ್ಣ.
ಬಿಳಿಯದೆನ್ನುವುದೂ ಬಿಳಿಯಲ್ಲ.
ಗುರುತು ತುಟಿಯಲ್ಲಿ:
ಅದಕ್ಕೆ ಅಗಲ ತುಟಿ, ನೆಲದ ಹುಲ್ಲು ಬೋಳಿಸಲಿಕ್ಕೆ.
ಇದಕ್ಕೆ ಕೊಕ್ಕೆಯಂಥದ್ದು,
ಮುಳ್ಳುಕಂಟಿಯ ನಡುವಿನಿಂದ ಚಿಗುರಷ್ಟೇ ಎಳೆಯಲಿಕ್ಕೆ,
ಎಂದು ಹೇಳುತ್ತಾ ಗ್ಯಾರಡ್
ಬೀಗದಕೈ ಹುಡುಕುವವನ ಹಾಗೆ ಬೆರಳಾಡಿಸಿದ.
ಕಣ್ಣು ಮಂದ. ಮೂಗು ಚುರುಕು.
ಕಿವಿಗಳು ಒಂದೊಂದು ಒಂದೊಂದು ದಿಕ್ಕಿಗೆ.
ಇದರದ್ದು ತಿರುಗುವುದಿಲ್ಲ, ಒಳಗೆ ತಂತಿ, ಹುಲ್ಲು, ಗಾರೆ.

ನಿನಗೇನು ಎರಡು ಕೋಡು ಮೂಡಿವೆಯಾ,
ಎದುರಾಡಿದಾಗಲೆಲ್ಲ ಅತ್ತೆ ಕೇಳುತ್ತಿದ್ದದ್ದು.
ಇದಕ್ಕೆ ಮೂಡಿದ್ದವು, ನಿಜವಾಗಿ,
ಒಂದರ ಹಿಂದೊಂದು.

ಒಂದು ವರ್ಷ ಊರೂರಿನ ಮ್ಯೂಸಿಯಮ್ಮಿಗೆ ಕಳ್ಳರು ನುಗ್ಗಿದರು.
ಸತ್ತು ನೂರು ವರ್ಷವಾದದ್ದರ ಮೂಗನ್ನೂ ಬಿಡಲಿಲ್ಲ.
ಅವರಿಗಿಂತ ಮೊದಲು ನಾವೇ ತೆಗೆಯಬೇಕೆಂದು
ಮೇಲಿನವರ ಕಾಗದ ಬಂತು.
ಗರಗಸ ಹಿಡಿದದ್ದು ಗ್ಯಾರಡ್.
ಕೋಣೆ ತುಂಬ ಸುಟ್ಟ ಕೂದಲಿನ ವಾಸನೆ,
ವಾರವಾದರೂ ಹೋಗಲಿಲ್ಲವಂತೆ.
ಗೊತ್ತು. ನನ್ನ ಕೋಟಿಗೂ ಅದೇ ವಾಸನೆ.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ, ಎನ್ನುತ್ತೇವೆ.
ಉಗುರಿಗೆಂದೇ ಕೊಡಲಿ ಎತ್ತಿದವರಿಗೆ
ಏನನ್ನಬೇಕೋ,
ಗಾದೆ ಅಲ್ಲಿಗೆ ಸುಮ್ಮನಾಗುತ್ತದೆ.

ರಜೆಯ ಗುರುವಾರ ನೋಡಲು ಹೋದೆ.
ಹೊರಗೆ ಕಡಲಕಾಗೆಗಳು ಯಾರದೋ ಚಿಪ್ಸಿಗೆ ಜಗಳ.
ಒಳಗೆ ಅದು, ಹೀಟರಿನ ಪಕ್ಕ.
ಮೂಗಿನ ಮೇಲೆ ರಾಳದ ಕೊಂಬು, ತೀರಾ ನುಣುಪು.
"ಇದು ನಕಲು, ಇದಕ್ಕೆ ಬೆಲೆಯಿಲ್ಲ" ಎಂದು ಫಲಕ,
ಕಳ್ಳರಿಗೆ ಬರೆದ ವಿನಯದ ಪತ್ರ.
ಕೆಳಗೊಂದು ಲೆಕ್ಕ, ಚೀಟಿಯ ಮೇಲೆ ಚೀಟಿ ಅಂಟಿಸಿದ್ದು:
ಅರವತ್ತೈದು ಸಾವಿರ. ಅದರ ಮೇಲೆ ಎರಡೂವರೆ ಸಾವಿರ.
ಎಲ್ಲಕ್ಕಿಂತ ಮೇಲೆ, ಆರು ಸಾವಿರದ ಚಿಲ್ಲರೆ.
ಏರುತ್ತಿದೆ ಎಂದು ಯಾರೋ ಪೆನ್ಸಿಲಿನಲ್ಲಿ
ಸಣ್ಣ ಬಾಣ ಗೀಚಿದ್ದಾರೆ.
ಪಕ್ಕದ ಕೆಂಪಕ್ಷರ ಮಾತ್ರ ಹಾಗೇ ಇದೆ:
ತೀವ್ರ ಅಪಾಯದಲ್ಲಿ.
ಆರು ಸಾವಿರ.
ಅದಕ್ಕಿಂತ ಹೆಚ್ಚು ಹೆಸರುಗಳಿವೆ
ನಮ್ಮ ಕ್ಲಿನಿಕ್ಕಿನ ಕಾಯುವವರ ಪಟ್ಟಿಯಲ್ಲಿ.

ಅಭ್ಯಾಸ. ಮಂಡಿಯೂರಿದೆ.
ಕಾಲಿಗೆ ಮೂರೇ ಬೆರಳು.
ಮೂರು, ಆರು, ಒಂಬತ್ತು, ಹನ್ನೆರಡು.
ಯಾವ ಕಾಲದ್ದೋ ವಾರ್ನಿಷು, ಸಂದಿಯಲ್ಲಿ ಧೂಳು.
ಅದೇ ಸಾಮಾನು. ಯಾರೂ ಮುಟ್ಟಿಲ್ಲ.
ಎಡ ಮುಂಗಾಲಿನ ನಡು ಉಗುರು ಸೀಳಿದೆ,
ಸೀಳಿನ ಅಂಚು ಸವೆದು ಮೊಂಡಾಗಿದೆ:
ಬದುಕಿದ್ದಾಗಲೇ ಆದದ್ದು,
ಆದ ಮೇಲೂ ಬಹಳ ದೂರ ನಡೆದದ್ದು.

ಮುಂದಿನ ಸಲ ಗ್ಯಾರಡ್‌ಗೆ ಹೇಳಿದೆ.
"ಎಡಗಾಲು" ಎಂದ, ನಾನು ಹೇಳುವ ಮೊದಲೇ.
ಬೇಸಿನ್ನಿನಿಂದ ಒಂದು ಪಾದ ಎತ್ತಿ
ಇನ್ನೊಂದನ್ನು ಮುಂದಿಟ್ಟ.
ಕಿಟಕಿಯಾಚೆ ಕತ್ತಲು.
ನಾನು ಇಕ್ಕಳ ತೆಗೆದುಕೊಂಡೆ.